ಅತ್ತೆಯ ಕಂಟ್ರೋಲ್ ರೂಮು

ಲೇಟಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಅವನು ಸ್ವಂತ ದುಡಿಮೆಯಿಂದ, ಯಾರ ಶಿಫಾರಸೂ ಇಲ್ಲದೆ, ವರ್ಷಾನುಗಟ್ಟಲೆ ಶ್ರಮಿಸಿ ಸಂಪಾದಿಸಿಕೊಂಡ ಹೆಸರು. ಹಾಗಾಗಿ ನಾವೂ ಹಾಗೆಯೇ ಕರೆಯೋಣ. ದುಡಿದು ಗಳಿಸಿದ್ದಕ್ಕೆ ಬೆಲೆ ಕೊಡದಿದ್ದರೆ ಹೇಗೆ?

ಈ ಲೇಟಪ್ಪ ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ದೂರು ಕೇಳುವ ಮೇಜಿನ ಗುಮಾಸ್ತ. ಊರಿನಲ್ಲಿ ಯಾರೇ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರೂ ಮೊದಲ ಫೋನು ಬರುವುದು ಅವನ ಮೇಜಿಗೆ. ಅವನು ತಕ್ಷಣ ಮೆಕ್ಯಾನಿಕ್‌ನನ್ನು ಓಡಿಸಬೇಕು. ಜನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೇ ಲಿಫ್ಟುಗಳು ಕೈಕೊಡುತ್ತವೆ. ಅದೇ ಹೊತ್ತಿಗೆ ಲೇಟಪ್ಪನೂ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಿದ್ದ. ಲಿಫ್ಟಿನಲ್ಲಿದ್ದವರು ಫೋನು ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ತಮ್ಮ ಜೊತೆ ಸಿಕ್ಕಿಕೊಂಡವರೊಂದಿಗೇ ನೆಂಟಸ್ತಿಕೆ ಮಾತಾಡಲು ಶುರುಮಾಡುತ್ತಿದ್ದರಂತೆ.

ಆ ಆಫೀಸಿನ ಮ್ಯಾನೇಜರಮ್ಮ ಮಾತ್ರ ಎಂದೂ ತಡವಾಗಿ ಬಂದವರಲ್ಲ. ಕಾವಲಿನವನು ತನ್ನ ಕೈಗಡಿಯಾರವನ್ನು ಆಕೆಯ ಕಾರು ನೋಡಿ ಸರಿಮಾಡಿಕೊಳ್ಳುತ್ತಿದ್ದ. ತಿಂಗಳ ಮೊದಲ ದಿನವೇ ಆಕೆ ಲೇಟಪ್ಪನನ್ನು ಕರೆದು ಹೇಳಿಬಿಟ್ಟರು.

"ನೋಡಿ, ನಾನು ಕೂಗಾಡೋದಿಲ್ಲ. ಈ ತಿಂಗಳು ಎರಡು ಸಲ ಲೇಟಾದ್ರೆ ನಿಮ್ಮನ್ನ ಕೆಳಗಡೆ ಗೋಡೌನಿಗೆ ಹಾಕ್ತೀನಿ. ಅಷ್ಟೇ."

"ಮೇಡಂ, ಟ್ರಾಫಿಕ್ಕು..."

"ಗೋಡೌನಲ್ಲಿ ಟ್ರಾಫಿಕ್ ಇರಲ್ಲ."

ಅದು ನಿಜವೇ. ಗೋಡೌನಿನಲ್ಲಿ ಟ್ರಾಫಿಕ್ ಇರಲಿಲ್ಲ, ಕಿಟಕಿ ಇರಲಿಲ್ಲ, ಫ್ಯಾನು ಇರಲಿಲ್ಲ, ಮಾತಾಡಲು ಮನುಷ್ಯರೂ ಇರಲಿಲ್ಲ. ಇದ್ದದ್ದೆಂದರೆ ಗ್ರೀಸು ಮೆತ್ತಿದ ಉಕ್ಕಿನ ಹಗ್ಗದ ಸುರುಳಿಗಳು, ಲಿಫ್ಟಿನ ಹಳೇ ರಾಟೆಗಳು, ಒಂದು ಬಲ್ಬು, ಮತ್ತು ಹಿಂದೆ ಅಲ್ಲಿಗೆ ಹೋದ ಒಬ್ಬ ಗುಮಾಸ್ತ. ಆತ ಈಗ ಮನುಷ್ಯರನ್ನು ಕಂಡರೆ ನಾಚಿಕೊಂಡು ರಾಟೆಗಳ ಹಿಂದೆ ಸರಿಯುತ್ತಾನೆ ಎಂದು ಮೇಲಿನವರು ಹೇಳುತ್ತಿದ್ದರು. ಲೇಟಪ್ಪನ ಮೇಜಾದರೋ ಕಿಟಕಿ ಪಕ್ಕದ್ದು, ಗಾಳಿ ಬೆಳಕಿನದು, ಟೀ ತರುವವನು ಮೊದಲು ತಲುಪುವಂಥದ್ದು. ಅದು ಕೈತಪ್ಪುತ್ತದೆಂಬ ಯೋಚನೆಗೇ ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅಂದು ಸಂಜೆ ಮನೆಗೆ ಬಂದು ಮುಖ ಇಳಿಬಿಟ್ಟು ಕೂತಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದಳು. "ರೀ, ಪೊಲೀಸ್ನೋರು ಎಲ್ಲಾ ರಸ್ತೆಗೂ ಕ್ಯಾಮೆರಾ ಹಾಕಿದ್ದಾರಂತೆ. ಯಾರು ಬೇಕಾದ್ರೂ ಮನೇಲೇ ಕೂತು ನೋಡಬಹುದಂತೆ. ನೋಡ್ಕೊಂಡು ಖಾಲಿ ಇರೋ ರಸ್ತೇಲಿ ಹೋಗಿ, ಯಾರು ಬೇಡ ಅಂದ್ರು?"

ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ತೆರೆದರೆ ಊರೇ ಅಂಗೈಗೆ ಬಂತು. ಸೇತುವೆ ರಸ್ತೆ, ಮಾರುಕಟ್ಟೆ ರಸ್ತೆ, ಕೆರೆ ರಸ್ತೆ, ಅವು ಮೂರೂ ಕವಲೊಡೆಯುವ ದೊಡ್ಡ ವೃತ್ತ, ಎಲ್ಲ ಚೌಕ ಚೌಕವಾಗಿ ಕಾಣುತ್ತಿತ್ತು. ಲೇಟಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಸೇತುವೆ ರಸ್ತೆ ಬಟ್ಟಂಬಯಲು. ಲೇಟಪ್ಪ ಲಿಫ್ಟ್ ಕಂಪನಿಯ ಖಾಕಿ ಅಂಗಿ ತೊಟ್ಟು, ಸ್ಕೂಟರ್ ಹೊರಗೆ ತೆಗೆದಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಮೇಲೆ ಮೊಣಕೈ ಊರಿ ನಿಂತಿದ್ದರು. ಮೇಷ್ಟ್ರ ಕೆಲಸವೇ ಅದು. ಸುಮ್ಮನೆ ಹೋಗಬೇಕಾದ ಲೇಟಪ್ಪ ಸುಮ್ಮನೆ ಹೋಗಲಿಲ್ಲ.

"ಸೇತುವೆ ರಸ್ತೇಲಿ ಹೋಗಿ ಮೇಷ್ಟ್ರೇ, ಖಾಲಿ ಇದೆ. ಈಗ ತಾನೇ ನಮ್ಮ ಕಂಟ್ರೋಲ್ ರೂಮಲ್ಲಿ ನೋಡ್ಕೊಂಡು ಬಂದೆ."

"ನಿಮ್ಮ ಕಂಟ್ರೋಲ್ ರೂಮಾ? ನೀವು ಲಿಫ್ಟ್ ಕಂಪನಿ ಅಲ್ವೇನ್ರೀ?"

ಊಟದ ಮೇಜು ಎಂದು ನಿಜ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರು ಅವನನ್ನು ಕಣ್ಣರಳಿಸಿ ನೋಡಿದ್ದರು. ಲೇಟಪ್ಪ ತುಟಿಯಂಚಿನಲ್ಲಿ ನಕ್ಕು, "ಎಲ್ಲಾನೂ ಹೊರಗಡೆ ಹೇಳೋ ಹಾಗಿಲ್ಲ ಮೇಷ್ಟ್ರೇ" ಎಂದು ಸ್ಕೂಟರ್ ಒದ್ದ.

ಸೇತುವೆ ರಸ್ತೆಗೆ ಹೋಗಿ ನೋಡಿದರೆ ಅಲ್ಲಿ ಇರುವೆಯೂ ನುಸುಳುವಂತಿರಲಿಲ್ಲ. ಊರಿನವರೆಲ್ಲ ಅದೇ ಚೌಕ ನೋಡಿ, ಅದೇ ಬುದ್ಧಿ ಓಡಿಸಿ, ಅದೇ ಖಾಲಿ ರಸ್ತೆಗೆ ನುಗ್ಗಿದ್ದರು. ಫುಟ್‌ಪಾತಿನ ಮೇಲೆ ಸ್ಕೂಟರ್ ತಳ್ಳಿಕೊಂಡು ಓಡಿ, ಮ್ಯಾನೇಜರಮ್ಮ ಗಡಿಯಾರ ನೋಡಲು ತಲೆಯೆತ್ತುವ ಮೊದಲೇ ಕುರ್ಚಿಗೆ ಬಿದ್ದ. ಕೂದಲೆಳೆಯಲ್ಲಿ ಬಚಾವು.

ಸಂಜೆ ಈ ಗೋಳು ಕೇಳಿ ಮೊದಲು ನಕ್ಕವರು ಅತ್ತೆ. ಈ ಅತ್ತೆ ಮಂಡಿನೋವಿಗೆ ಔಷಧಿ ತೆಗೆದುಕೊಳ್ಳಲು ನಾಲ್ಕು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದವರು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

"ಅಳಿಯಂದ್ರೇ, ಒಲೆ ಮೇಲೆ ಹಾಲಿಟ್ಟು ಪೇಟೆಗೆ ಹೋದ್ರೆ ಉಕ್ಕದೆ ಇರುತ್ತಾ? ಮನೇಲಿ ನೋಡಿದ ರಸ್ತೆ ನೀವು ಹೋಗೋವರೆಗೂ ಹಾಗೇ ಇರುತ್ತಾ? ಯಾರಾದ್ರೂ ನೋಡ್ತಾನೇ ಕೂತಿರಬೇಕು."

"ಯಾರು ಕೂತಿರ್ತಾರೆ ಅತ್ತೆ?"

"ನಾನೇನು ಕುಣೀತಿದ್ದೀನಾ? ಕೂತೇ ಇದ್ದೀನಲ್ಲ!"

ಹೀಗೆ ಕಂಟ್ರೋಲ್ ರೂಮು ಸ್ಥಾಪನೆಯಾಯಿತು. ಏರ್ಪಾಡು ಸರಳ. ಲೇಟಪ್ಪ ದೊಡ್ಡ ವೃತ್ತದ ತನಕ ಹೋಗಬೇಕು. ಅಲ್ಲಿ ನಡುವಿನ ಕಟ್ಟೆಯ ಮೇಲೆ ಹತ್ತಿ, ಕ್ಯಾಮೆರಾಕ್ಕೆ ಮುಖ ಮಾಡಿ, ತನ್ನ ಕರೀ ಛತ್ರಿ ಎತ್ತಬೇಕು. ಛತ್ರಿ ಕಂಡ ಕೂಡಲೇ ಅತ್ತೆ ಮೂರೂ ರಸ್ತೆಗಳ ಚೌಕ ನೋಡಿ ಫೋನಿನಲ್ಲಿ ದಾರಿ ಹೇಳಬೇಕು. ಒಂದೇ ತೊಡಕು. ಎದುರುಬದುರಾಗಿ ನೋಡುವಾಗ ಅತ್ತೆಯ ಎಡ ಇವನ ಬಲವಾಗುತ್ತಿತ್ತು. ಅದಕ್ಕೆ ಲೇಟಪ್ಪ ಪ್ರತಿಸಲವೂ ಆ ರಸ್ತೆಯ ಕಡೆಗೆ ಕೈಚಾಚಿ, "ಇದಾ ಅತ್ತೆ? ಇದಾ?" ಎಂದು ಖಚಿತ ಮಾಡಿಕೊಳ್ಳಬೇಕು.

ಮೊದಲ ದಿನ ಅವನು ಹಾಗೆಯೇ ಮಾಡಿದ. ಖಾಕಿ ಅಂಗಿ, ಅದರ ಜೇಬಿನಲ್ಲಿ ಸ್ಪೀಕರ್ ಹಾಕಿದ ಫೋನು, ಭುಜದ ಮೇಲೆ ಕಂಪನಿಯ ಕೆಂಪು ಪಟ್ಟಿ, ಒಂದು ಕೈಯಲ್ಲಿ ಛತ್ರಿ. ಕೆರೆ ರಸ್ತೆಯತ್ತ ಇನ್ನೊಂದು ಕೈ ನೀಟಾಗಿ ಚಾಚಿದ.

ಒಂದು ಬಸ್ಸು ಗಕ್ಕನೆ ನಿಂತಿತು. ಅದರ ಹಿಂದಿನ ಲಾರಿ ನಿಂತಿತು. ಆಟೋಗಳು ನಿಂತವು. ಎದುರಿನಿಂದ ಬರುತ್ತಿದ್ದ ಕಾರಿನವನು ಗಾಜು ಇಳಿಸಿ ವಿನಯದಿಂದ ಕೇಳಿದ. "ಸಾರ್, ನಾನು ಹೋಗಬಹುದಾ?"

ಲೇಟಪ್ಪ ಕಕ್ಕಾಬಿಕ್ಕಿಯಾದ. ಹೋಗಬೇಡಿ ಎನ್ನಲು ಅವನಿಗೆ ಏನು ಹಕ್ಕಿತ್ತು? "ಹೋಗಿ, ಹೋಗಿ" ಎಂದ. ಆತ ಸೆಲ್ಯೂಟ್ ಹೊಡೆದು ಹೋದ. ಆ ಗಲಿಬಿಲಿಯಲ್ಲೇ ಲೇಟಪ್ಪ ಸ್ಕೂಟರ್ ಹತ್ತಿ, ನಿಂತ ವಾಹನಗಳ ನಡುವೆ ಮದುವೆ ಗಂಡಿನಂತೆ ಹೊರಟ. ಹೊತ್ತಿಗೆ ಮೊದಲೇ ಆಫೀಸು ತಲುಪಿದಾಗ ಕಾವಲಿನವನು ಹೌಹಾರಿದ.

"ಯಾಕ್ ಸಾರ್, ಮನೇಲಿ ಏನಾದ್ರೂ ಆಯ್ತಾ?"

ಮ್ಯಾನೇಜರಮ್ಮ ಬಂದವರೇ ಲೇಟಪ್ಪನನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ಲೇಟಪ್ಪನನ್ನು ನೋಡಿದರು. ಆಮೇಲೆ ಕಾವಲಿನವನನ್ನು ಕರೆದು, ಗಡಿಯಾರದ ಸೆಲ್ಲು ಬದಲಾಯಿಸಲು ಹೇಳಿದರು.

ಹೀಗೆ ದಿನವೂ ನಡೆಯಿತು. ಲೇಟಪ್ಪನ ಕೈ ದಿನದಿಂದ ದಿನಕ್ಕೆ ನೆಟ್ಟಗಾಯಿತು. ಎದೆ ಉಬ್ಬಿತು. ನಡಿಗೆಗೆ ಒಂದು ಗತ್ತು ಬಂತು. ಆ ವೃತ್ತದಲ್ಲಿ ನಿಜವಾಗಿ ನಿಲ್ಲಬೇಕಾಗಿದ್ದ ಪೇದೆ, ಇವನನ್ನು ಇನ್‌ಸ್ಪೆಕ್ಟರೇ ಹೊಸದಾಗಿ ಕಳಿಸಿದ್ದಾರೆಂದು ತಿಳಿದು, ಎದುರಿನ ಟೀ ಅಂಗಡಿಯ ನೆರಳಿಗೆ ಸರಿದುಕೊಂಡ. ಮೂರನೇ ದಿನದಿಂದ ಇವನಿಗೂ ಒಂದು ಟೀ ಕಳಿಸತೊಡಗಿದ.

ಅತ್ತ ಬೀದಿಯಲ್ಲಿ ಮೇಷ್ಟ್ರು ಸುಮ್ಮನಿದ್ದಾರೆಯೇ? ಬಸ್ಸಿನ ಕಿಟಕಿಯಿಂದ ವೃತ್ತದ ದೃಶ್ಯವನ್ನು ಕಣ್ಣಾರೆ ಕಂಡು, ಓಡೋಡಿ ಬಂದು ಮನೆ ಮನೆಗೂ ಸಾರಿದರು. "ನಾನು ಮೊದಲೇ ಹೇಳಿದ್ನಲ್ಲ! ಲಿಫ್ಟ್ ಕಂಪನಿ ಎಲ್ಲಾ ತೋರಿಕೆಗೆ. ದೊಡ್ಡ ಆಫೀಸರ್ರು ಕಣ್ರೀ, ಮಫ್ತಿಲಿದ್ದಾರೆ!"

"ಮಫ್ತಿ ಅಂದ್ರೆ ಸಾದಾ ಬಟ್ಟೆ ಅಲ್ವಾ ಮೇಷ್ಟ್ರೇ? ಇವರು ಖಾಕಿ ಹಾಕಿದ್ದಾರಲ್ಲ?" ಎಂದು ಮಹಡಿ ಮನೆಯ ನರ್ಸಮ್ಮ ಕೇಳಿದಳು.

"ಅದೇ ಮಜಾ! ಪೊಲೀಸ್ನೋನು ಪೊಲೀಸ್ ಥರ ಬಟ್ಟೆ ಹಾಕ್ಕೊಂಡ್ರೆ ಯಾರಿಗೆ ಅನುಮಾನ ಬರುತ್ತೆ?"

ಅಂದಿನಿಂದ ಲೇಟಪ್ಪನ ಮನೆಗೆ ಅಹವಾಲು ಹಿಡಿದವರ ಸಾಲು. ಮೇಷ್ಟ್ರಿಗೆ ತಮ್ಮ ಗೇಟಿನ ಮುಂದೆ ಒಂದು ರಸ್ತೆಯುಬ್ಬು ಬೇಕಿತ್ತು, ಹೋಗುವವರೆಲ್ಲ ನಿಧಾನಿಸಿ ತಮ್ಮನ್ನು ಮಾತಾಡಿಸಿಕೊಂಡು ಹೋಗಲೆಂದು. ನರ್ಸಮ್ಮನಿಗೆ ಆಸ್ಪತ್ರೆಗೆ ಹೋಗಲು ದಿನವೂ ಖಾಲಿ ದಾರಿ ಬೇಕಿತ್ತು. ಬಂದವರೆಲ್ಲ ಊಟದ ಮೇಜಿನ ಸುತ್ತ ಸೇರಿ, ಅತ್ತೆಯ ಹೆಗಲ ಮೇಲಿಂದ ಬಗ್ಗಿ ವೃತ್ತವನ್ನೇ ನೋಡುತ್ತ ಕೂರತೊಡಗಿದರು. ಲೇಟಪ್ಪನ ಛತ್ರಿ ಮೇಲೆದ್ದರೆ ಮನೆಯಲ್ಲಿ ಚಪ್ಪಾಳೆ. ಹೆಂಡತಿಗೆ ಕಾಫಿ ಬೆರೆಸಿ ಬೆರೆಸಿ ಕೈ ಬಿದ್ದುಹೋಯಿತು.

"ರೀ, ನಿಜ ಹೇಳಿಬಿಡಿ ಅವರಿಗೆ. ನನಗೆ ರವಿಕೆ ಹೊಲಿಯೋಕೆ ಟೈಮಿಲ್ಲ" ಎಂದು ಅವಳು ಗೋಗರೆದಳು.

"ಹೇಳ್ತೀನಿ ಇರೇ, ಈ ತಿಂಗಳು ಒಂದು ಕಳೀಲಿ" ಎಂದು ಲೇಟಪ್ಪ ಕನ್ನಡಿಯ ಮುಂದೆ ಕೈಚಾಚುವುದನ್ನು ಅಭ್ಯಾಸ ಮಾಡಿದ.

ತಿಂಗಳು ಸುಲಭವಾಗಿ ಕಳೆಯಲಿಲ್ಲ. ಒಂದು ಬೆಳಿಗ್ಗೆ ಲೇಟಪ್ಪ ಛತ್ರಿ ಎತ್ತಿದ್ದೇ ತಡ, ಫೋನಿನಲ್ಲಿ ಸಂತೆಯೇ ಕೇಳಿಸಿತು. ಅತ್ತೆ "ಸೇತುವೆ ಕಡೆ" ಎಂದರೆ, ಮೇಷ್ಟ್ರು ಫೋನು ಕಿತ್ತುಕೊಂಡು "ಬೇಡ ಬೇಡ, ಕೆರೆ ಕಡೆ" ಎಂದರು. "ಇದಾ? ಇದಾ?" ಎಂದು ಲೇಟಪ್ಪ ಎರಡೂ ಕೈ ಎರಡೂ ಕಡೆಗೆ ಚಾಚಿಬಿಟ್ಟ. ನಾಲ್ಕೂ ದಿಕ್ಕಿನ ವಾಹನಗಳು ಏಕಕಾಲಕ್ಕೆ ನಿಂತವು. ಮನೆಯಲ್ಲಿ ಜಗಳ ಮುಗಿಯುವ ತನಕ ಅವನು ಕೈ ಇಳಿಸಲಿಲ್ಲ, ಊರು ಅಲುಗಲಿಲ್ಲ. ಅಂದು ಅವನು ತಡವಾದ. ಮ್ಯಾನೇಜರಮ್ಮ ಕೂಗಾಡಲಿಲ್ಲ. ಕಾವಲಿನವನನ್ನು ಕರೆದು, "ಗೋಡೌನಲ್ಲಿ ಒಂದು ಮೇಜು ಒರೆಸಿಡಪ್ಪಾ" ಎಂದರು, ಅಷ್ಟೇ.

ಅದೇ ದೃಶ್ಯವನ್ನು ನಿಜವಾದ ಕಂಟ್ರೋಲ್ ರೂಮಿನಲ್ಲಿ ಟ್ರಾಫಿಕ್ ಇನ್‌ಸ್ಪೆಕ್ಟರು ನೋಡಿದರು. ವೃತ್ತದ ಪೇದೆಗೆ ಫೋನು ಹೋಯಿತು.

"ಯಾರಯ್ಯಾ ಅವನು, ಛತ್ರಿ ಹಿಡ್ಕೊಂಡು ಶಿಲುಬೆ ಥರ ನಿಂತಿರೋನು?"

"ನೀವೇ ಕಳಿಸಿದ್ರಲ್ಲ ಸಾರ್?"

"ನಾನ್ಯಾಕಯ್ಯಾ ಕಳಿಸ್ಲಿ? ನೀನೆಲ್ಲಿದ್ದೀಯ?"

"ಅವರ ಕೈಕೆಳಗೆ ಇದ್ದೀನಿ ಸಾರ್" ಎಂದು ಪೇದೆ ಟೀ ಲೋಟ ಕೆಳಗಿಟ್ಟ.

"ನಾಳೆ ನಾನೇ ಬರ್ತೀನಿ. ಅವನ ಚರ್ಮ ಸುಲೀತೀನಿ" ಎಂದು ಇನ್‌ಸ್ಪೆಕ್ಟರು ಫೋನಿಟ್ಟರು.

ಮರುದಿನ ವೃತ್ತದ ಸುತ್ತಮುತ್ತ ಕರೆಂಟು ಹೋಯಿತು. ವೃತ್ತದ ಸಿಗ್ನಲ್ ದೀಪಗಳು ಕಣ್ಣು ಮುಚ್ಚಿದವು. ಕ್ಯಾಮೆರಾಗಳಿಗೆ ಮಾತ್ರ ಬ್ಯಾಟರಿ ಇತ್ತು. ಜಾಮು ಬಿಡಿಸಲಾಗದಿದ್ದರೆ ನೋಡಿಯಾದರೂ ಸಂತೋಷಪಡೋಣ ಎಂಬ ದೂರದೃಷ್ಟಿ ಯಾರದೋ ತಿಳಿಯದು. ಲೇಟಪ್ಪ ಬರುವಷ್ಟರಲ್ಲಿ ಅಲ್ಲಿ ಬಸ್ಸಿಗೆ ಲಾರಿ, ಲಾರಿಗೆ ಆಟೋ, ಆಟೋಗೆ ಶಾಲೆಯ ವ್ಯಾನು ಮೂಗು ತಾಗಿಸಿ ನಿಂತಿದ್ದವು. ಟೀ ಅಂಗಡಿಯ ಪೇದೆ ಇನ್‌ಸ್ಪೆಕ್ಟರ ಭಯಕ್ಕೆ ಅಂದು ರಜೆ ಹಾಕಿದ್ದ. ಇವತ್ತು ತಡವಾದರೆ ಗೋಡೌನು, ಒರೆಸಿಟ್ಟ ಮೇಜು, ರಾಟೆಗಳ ಸಹವಾಸ. ಲೇಟಪ್ಪನಿಗೆ ಅಳು ಬಂದಂತಾಯಿತು. ಆದರೂ ಕಟ್ಟೆ ಹತ್ತಿ ಛತ್ರಿ ಎತ್ತಿದ.

"ಅತ್ತೆ, ಯಾವ ಕಡೆ ಹೋಗ್ಲಿ?"

"ಯಾವ ಕಡೆನೂ ಹೋಗೋಕಾಗಲ್ಲ ಅಳಿಯಂದ್ರೇ" ಎಂದರು ಅತ್ತೆ. "ನೀವು ಹೋಗಬೇಕು ಅಂದ್ರೆ ಮೊದಲು ಎಲ್ಲರನ್ನೂ ಕಳಿಸಬೇಕು. ನಾನು ಹೇಳಿದ ಹಾಗೆ ಮಾಡಿ. ಮೇಷ್ಟ್ರೇ, ನೀವು ಬಾಯಿ ಮುಚ್ಚಿ!"

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಅವನ ಕೊರಳಪಟ್ಟಿಗೆ ಬಿತ್ತು. ಜೀಪನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬಂದ ಇನ್‌ಸ್ಪೆಕ್ಟರು, ಕೆಂಡದಂಥ ಕಣ್ಣು ಬಿಟ್ಟುಕೊಂಡು ನಿಂತಿದ್ದರು.

"ಯಾವ ಠಾಣೆಯೋನೋ ನೀನು?"

"ಲಿಫ್ಟ್ ಕಂಪನಿ, ಸಾರ್."

"ಇಲ್ಲಿ ನಿಂತು ಕೈ ತೋರಿಸೋಕೆ ನಿಂಗೆ ಯಾರು ಅಧಿಕಾರ ಕೊಟ್ಟಿದ್ದು?"

ಅಂಥ ಹೊತ್ತಿನಲ್ಲಿ ಮನುಷ್ಯನ ಬಾಯಿಂದ ಸತ್ಯವಲ್ಲದೆ ಬೇರೇನೂ ಬರುವುದಿಲ್ಲ.

"ನಮ್ಮತ್ತೆ, ಸಾರ್."

ಇನ್‌ಸ್ಪೆಕ್ಟರು ಇದಕ್ಕೆ ಯಾವ ಸೆಕ್ಷನ್ ಹಾಕಬೇಕೆಂದು ಯೋಚಿಸುತ್ತಿರುವಾಗಲೇ ಫೋನಿನಿಂದ ಅತ್ತೆಯ ಧ್ವನಿ ಮೊಳಗಿತು. "ಯಾರದು ನಮ್ಮ ಅಳಿಯನ ಕತ್ತು ಹಿಡಿದಿರೋದು? ನೋಡಪ್ಪಾ, ಟೋಪಿ ಹಾಕ್ಕೊಂಡಿರೋನೇ, ನಿನಗೇ ಹೇಳ್ತಿರೋದು! ಆ ಜೀಪ್ ನಿಂದೇನಾ?"

ಇನ್‌ಸ್ಪೆಕ್ಟರು ಬೆಚ್ಚಿ ಮೇಲೆ ನೋಡಿದರು. ಕ್ಯಾಮೆರಾ ಅವರನ್ನೇ ದಿಟ್ಟಿಸುತ್ತಿತ್ತು. ಅವರ ಕೈ ತಾನಾಗಿಯೇ ಕೊರಳಪಟ್ಟಿ ಬಿಟ್ಟು ಟೋಪಿ ಸರಿಮಾಡಿಕೊಂಡಿತು.

"ಹೌದಮ್ಮಾ, ನಂದೇ."

"ಎಲ್ಲಾದ್ರೂ ಹಾಗೆ ನಿಲ್ಲಿಸ್ತಾರಾ? ನಿನ್ನ ಜೀಪ್ ಅಡ್ಡ ಇರೋದಕ್ಕೇ ಬಸ್ಸು ತಿರುಗ್ತಿಲ್ಲ. ಬಸ್ಸು ತಿರುಗ್ದೆ ಇರೋದಕ್ಕೇ ಲಾರಿ ನಿಂತಿದೆ. ಹೋಗಿ ತೆಗಿ ಮೊದಲು. ದೊಡ್ಡೋನಾಗಿ ಅಷ್ಟೂ ಗೊತ್ತಾಗಲ್ವಾ?"

ಊರಿಗೆಲ್ಲ ದಂಡ ಹಾಕುವ ಇನ್‌ಸ್ಪೆಕ್ಟರು "ಸರಿ ಅಮ್ಮಾ" ಎಂದು ಓಡಿದರು. ಜೀಪು ಹಿಂದೆ ಸರಿಯಿತು, ಬಸ್ಸು ತಿರುಗಿತು. ಬಸ್ಸಿನೊಳಗಿದ್ದವರು ಉಘೇ ಎಂದರು. ಆಮೇಲೆ ನೋಡಬೇಕಿತ್ತು ಕೆಲಸ! ಮನೆಯಲ್ಲಿ ಹೆಂಡತಿ ಸೇತುವೆ ರಸ್ತೆ ನೋಡುತ್ತಿದ್ದಳು, ನರ್ಸಮ್ಮ ಕೆರೆ ರಸ್ತೆ ನೋಡುತ್ತಿದ್ದಳು, ಮೇಷ್ಟ್ರು ಬಾಯಿ ಮುಚ್ಚಿಕೊಂಡು ಬರೀ ಬೆರಳಿನಲ್ಲಿ ಮಾರುಕಟ್ಟೆ ರಸ್ತೆ ತೋರಿಸುತ್ತಿದ್ದರು. ಅತ್ತೆ ಎಲ್ಲ ಕೇಳಿ ತೀರ್ಪು ಕೊಡುವುದು, ಲೇಟಪ್ಪ ಕೈ ಚಾಚುವುದು, ಇನ್‌ಸ್ಪೆಕ್ಟರು ಸೀಟಿ ಊದುವುದು. ಬಿಗಿದ ಗಂಟು ಎಳೆ ಎಳೆಯಾಗಿ ಸಡಿಲವಾಯಿತು.

ಆ ನಡುವೆ ಒಂದು ಕೆಂಪು ಕಾರು ಎಡೆಬಿಡದೆ ಹಾರ್ನ್ ಹೊಡೆಯುತ್ತಿತ್ತು. ತನ್ನ ಸಾಲು ಬಿಟ್ಟು ಮೂಗು ತೂರಿಸಲು ನೋಡುತ್ತಿತ್ತು.

"ಆ ಕೆಂಪು ಕಾರಿನೋರಿಗೆ ಏನವಸರ? ನಿಲ್ಲಿಸಿ ಅವರನ್ನ. ಶಾಲೆ ವ್ಯಾನು ಹೋಗ್ಲಿ, ಎಲ್ಲರೂ ಹೋಗ್ಲಿ, ಕೊನೆಗೆ ಅವರು" ಎಂದರು ಅತ್ತೆ.

ಲೇಟಪ್ಪ ಛತ್ರಿಯನ್ನು ಕೆಂಪು ಕಾರಿನ ಮುಂದೆ ಅಡ್ಡ ಹಿಡಿದ. ಗಾಜು ಇಳಿಯಿತು. ಒಳಗೆ ಮ್ಯಾನೇಜರಮ್ಮ.

ಇಬ್ಬರೂ ಗರಬಡಿದವರಂತೆ ಒಬ್ಬರನ್ನೊಬ್ಬರು ನೋಡಿದರು. ಲೇಟಪ್ಪನ ಕಣ್ಣ ಮುಂದೆ ಗೋಡೌನಿನ ಬಲ್ಬು ಒಮ್ಮೆ ಹತ್ತಿ ಆರಿತು.

"ನೀವಾ? ಬಿಡ್ರೀ ದಾರಿ! ನನಗೆ ಲೇಟಾಗ್ತಿದೆ!"

ಬಿಟ್ಟುಬಿಡಲೇ ಎಂದು ಅವನು ಅತ್ತಿತ್ತ ನೋಡಿದ. ಪಕ್ಕದ ವ್ಯಾನಿನ ಕಿಟಕಿಗಳಿಂದ ಮಕ್ಕಳು ಅವನನ್ನೇ ನೋಡುತ್ತಿದ್ದವು. ಹಿಂದೆ ಇನ್‌ಸ್ಪೆಕ್ಟರು ಅವನ ಸನ್ನೆಗಾಗಿ ಬಾಯಲ್ಲಿ ಸೀಟಿ ಕಚ್ಚಿಕೊಂಡು ಕಾದಿದ್ದರು. ಇಷ್ಟು ಜನ ತನ್ನ ಒಂದು ಕೈಗಾಗಿ ಕಾಯುತ್ತಿದ್ದಾರೆ ಎಂದು ಕಂಡು ಲೇಟಪ್ಪನಿಗೆ ಎಲ್ಲಿಲ್ಲದ ಧೈರ್ಯ ಬಂತು. ಗೋಡೌನಾದರೆ ಗೋಡೌನು, ಆಗಿಹೋಗಲಿ!

"ಮೇಡಂ, ಎಲ್ಲರಿಗೂ ಲೇಟಾಗ್ತಿದೆ. ಸಾಲಲ್ಲಿ ಇರಿ" ಎಂದ. ಧ್ವನಿ ಸ್ವಲ್ಪ ಕೀರಲಾಗಿತ್ತು, ಆದರೆ ಛತ್ರಿ ಅಲುಗಲಿಲ್ಲ. ವ್ಯಾನು ಹೋಯಿತು, ಆಟೋಗಳು ಹೋದವು, ತರಕಾರಿ ಗಾಡಿ ತಳ್ಳುವವನೂ ಹೋದ. ಮ್ಯಾನೇಜರಮ್ಮನ ಮುಖ ಕಾರಿನ ಬಣ್ಣಕ್ಕೆ ತಿರುಗಿತು.

ಕೊನೆಗೆ ರಸ್ತೆ ತೆರವಾದಾಗ ಇನ್‌ಸ್ಪೆಕ್ಟರು ಲೇಟಪ್ಪನ ಬೆನ್ನು ತಟ್ಟಿ, "ನಿನ್ನ ಮೇಲೆ ಕೇಸ್ ಹಾಕೋಣ ಅಂತ ಬಂದೆ ಕಣಯ್ಯಾ. ಈಗ ಹಾಕಿದ್ರೆ ನಿಮ್ಮತ್ತೆ ನನ್ನ ಮೇಲೆ ಹಾಕ್ತಾರೆ. ಸ್ಕೂಟರ್ ಇಲ್ಲೇ ಇರ್ಲಿ, ಜೀಪ್ ಹತ್ತು, ಆಫೀಸಿಗೆ ಬಿಡ್ತೀನಿ" ಎಂದರು. ಆ ಮಾತೂ, ಲೇಟಪ್ಪನ ಜೇಬಿನಿಂದ ದಾರಿ ಹೇಳುತ್ತಿದ್ದ ಅತ್ತೆಯ ಧ್ವನಿಯೂ ಗಾಜಿಳಿಸಿದ ಕೆಂಪು ಕಾರಿನವರೆಗೆ ಕೇಳಿಸಿದವು. ಜೀಪು ಸೈರನ್ ಹಾಕಿಕೊಂಡು ಸೇತುವೆ ರಸ್ತೆ ಹಿಡಿಯಿತು. ಕೆಂಪು ಕಾರು ಮಾರುಕಟ್ಟೆ ರಸ್ತೆ ಹಿಡಿಯಿತು. ಯಾವ ರಸ್ತೆ ಖಾಲಿ ಇತ್ತೆಂದು ಅತ್ತೆ ಯಾರಿಗೆ ಹೇಳಿದ್ದರು, ಯಾರಿಗೆ ಹೇಳಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದು ಇಬ್ಬರೂ ತಡವಾಗಿದ್ದರು. ಆದರೆ ಪೊಲೀಸ್ ಜೀಪಿನಿಂದ ಇಳಿದು, ಇನ್‌ಸ್ಪೆಕ್ಟರಿಂದ ಕೈಕುಲುಕಿಸಿಕೊಂಡು ಲೇಟಪ್ಪ ಒಳಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಫೋನೆತ್ತಿ, ಒಂದು ಲಿಫ್ಟಿಗೆ ಮೆಕ್ಯಾನಿಕ್‌ನನ್ನೂ ಕಳಿಸಿ ಮುಗಿಸಿದ ಮೇಲೆ ಮ್ಯಾನೇಜರಮ್ಮ ಬಂದರು. ಏದುಸಿರು ಬಿಡುತ್ತಿದ್ದರು. ಕಚೇರಿಗೆ ಕಚೇರಿಯೇ ಆಕೆಯತ್ತ ತಿರುಗಿತು. ಕಾವಲಿನವನು ಏನು ಮಾಡಬೇಕೆಂದು ತೋಚದೆ ತನ್ನ ಕೈಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಂಡ.

"ಟ್ರಾಫಿಕ್ಕು..." ಎಂದರು ಮ್ಯಾನೇಜರಮ್ಮ.

"ಗೊತ್ತು ಮೇಡಂ" ಎಂದ ಲೇಟಪ್ಪ. ಅವನು ಹೇಳಿದ್ದು ಮನಸಾರೆ. ಆ ಕಷ್ಟ ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಆಕೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ತೆರೆದು ತಲೆ ಹೊರಗೆ ಹಾಕಿದರು. "ಆ ಗೋಡೌನ್ ಮೇಜನ್ನ ಮೇಲಕ್ಕೆ ತಂದ್ಬಿಡಿ. ಅಲ್ಲಿ ಕೂತಿರೋರನ್ನೂ ಕರ್ಕೊಂಡು ಬನ್ನಿ, ಪಾಪ. ಮತ್ತೆ ನೀವು... ಸಂಜೆ ಮನೆಗೆ ಹೋದಮೇಲೆ ನಿಮ್ಮತ್ತೆ ನಂಬರು ಸ್ವಲ್ಪ ಕೇಳಿ ಕಳಿಸ್ತೀರಾ? ನಾಳೆ ನಾನು ಯಾವ ಕಡೆಯಿಂದ ಬಂದ್ರೆ ಒಳ್ಳೇದು ಅಂತ..."

ಲೇಟಪ್ಪ ಸಂಜೆ ನೆಲಕ್ಕೆ ಕಾಲು ತಾಗದವನಂತೆ ಮನೆಗೆ ಬಂದ. ಮೇಷ್ಟ್ರಾದಿಯಾಗಿ ಇಡೀ ಬೀದಿ ಗೇಟಿನಲ್ಲೇ ನಿಂತು ಚಪ್ಪಾಳೆ ತಟ್ಟಿತು. ನೂಕಿಕೊಂಡು ಒಳಹೋಗಿ, ಅತ್ತೆಯ ಮುಂದೆ ಕೈಕಟ್ಟಿ ನಿಂತು, ಮ್ಯಾನೇಜರಮ್ಮನ ಕೋರಿಕೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. ಸಂಜೆಯ ಜನಸಂದಣಿ ಆಗತಾನೇ ಕಟ್ಟುತ್ತಿತ್ತು.

"ಕೆಂಪು ಕಾರಿನೋರು ತಾನೆ?" ಎಂದರು. "ಕೊಡಿ ನಂಬರ್ರು, ಪಾಪ. ಆದ್ರೆ ಮೊದಲೇ ಹೇಳ್ಬಿಡಿ ಅಳಿಯಂದ್ರೇ, ಹಾರ್ನ್ ಹೊಡೆಯೋರಿಗೆ ನಾನು ದಾರಿ ಹೇಳಲ್ಲ."